ಹಿತ್ತಲಿನ ಕೊಳದ ನೀರು ಎಲ್ಲಿಗೆ ಹೋಗುತ್ತಿದೆ? ಒಡೆಯುವ ಮೊದಲು ಅಳೆಯಿರಿ

ಪ್ರಶ್ನೆ: ನಾವು ತುಮಕೂರಿನವರು. ಎರಡು ವರ್ಷದ ಹಿಂದೆ ಮನೆಯ ಹಿತ್ತಲಿನಲ್ಲಿ 12 ಅಡಿ ಉದ್ದ, 10 ಅಡಿ ಅಗಲ, 3 ಅಡಿ ಆಳದ ಕೊಳ ಕಟ್ಟಿಸಿದೆವು. ಇಟ್ಟಿಗೆಯ ಗೋಡೆ, ಒಳಗೆ ಸಿಮೆಂಟಿನ ಗಾರೆ. ತಾವರೆ ಬೆಳೆಸಿದ್ದೇವೆ, ಗಪ್ಪಿ ಮತ್ತು ಗೋಲ್ಡ್‌ಫಿಶ್ ಮೀನುಗಳಿವೆ. ಒಂದು ಮೂಲೆಯಲ್ಲಿ ಕಲ್ಲು ಜೋಡಿಸಿ, ಪಂಪು ಇಟ್ಟು ಸಣ್ಣ ಜಲಪಾತ ಮಾಡಿಸಿದ್ದೇವೆ. ಈ ಶಿವರಾತ್ರಿಯ ನಂತರ ದಿನಕ್ಕೆ ಸುಮಾರು ಒಂದು ಇಂಚು ನೀರು ಇಳಿಯುತ್ತಿದೆ. ಒಳಗಿನ ಗಾರೆಯನ್ನು ಪೂರ್ತಿ ಕಿತ್ತು ಹೊಸದಾಗಿ ಮಾಡಬೇಕು ಎಂದು ಮೇಸ್ತ್ರಿ ಹೇಳುತ್ತಾರೆ. ಪ್ಲಂಬರ್ ಪೈಪಿನ ದೋಷ ಎನ್ನುತ್ತಾರೆ. ನಮ್ಮ ಮಾವನವರು ಎಲ್ಲವೂ ಬಿಸಿಲಿನ ಕೆಲಸ ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಮೂವರ ಮಾತನ್ನೂ ಒಂದು ವಾರ ಪಕ್ಕಕ್ಕಿಡಿ. ಮೇಸ್ತ್ರಿಯವರ ಉಳಿ ಸುತ್ತಿಗೆಯನ್ನಂತೂ ಈ ವಾರ ಕೊಳದ ಹತ್ತಿರ ಬಿಡಲೇಬೇಡಿ. ನೀರು ಕಳೆದುಹೋಗುವ ದಾರಿ ನಾಲ್ಕೈದು ಇರಬಹುದು, ಆದರೆ ಒಂದೊಂದು ದಾರಿಗೂ ತನ್ನದೇ ಆದ ವೇಗ, ವೇಳೆ ಮತ್ತು ಮಟ್ಟ ಇರುತ್ತದೆ. ಆ ಮೂರನ್ನು ಗಮನಿಸಿದರೆ ಒಂದು ಇಟ್ಟಿಗೆಯನ್ನೂ ಅಲುಗಿಸದೆ ಕಾರಣವನ್ನು ಹಿಡಿಯಬಹುದು. ಇಪ್ಪತ್ತು ವರ್ಷಗಳಿಂದ ಕೊಳ, ತೊಟ್ಟಿ, ಕೃಷಿ ಹೊಂಡಗಳ ಕೆಲಸ ಮಾಡುತ್ತಿದ್ದೇನೆ. ಸೋರಿಕೆಯಿಂದ ಹಾಳಾದ ಕೊಳಗಳಿಗಿಂತ ಸೋರಿಕೆ ಎಲ್ಲಿದೆ ಎಂದು ತಿಳಿಯದೆ ಒಡೆದು ಹಾಳು ಮಾಡಿದ ಕೊಳಗಳನ್ನೇ ನಾನು ಹೆಚ್ಚು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲು ಲೆಕ್ಕ. ನಿಮ್ಮ ಕೊಳದ ಮೇಲ್ಮೈ 120 ಚದರ ಅಡಿ. ಒಂದು ಇಂಚು ಇಳಿದರೆ 10 ಘನ ಅಡಿ, ಅಂದರೆ ಸುಮಾರು 283 ಲೀಟರ್. 15 ಲೀಟರಿನ ಬಕೆಟ್ಟಿನಲ್ಲಿ ಹತ್ತೊಂಬತ್ತು ಬಕೆಟ್ ನೀರು, ಪ್ರತಿದಿನ! ತಿಂಗಳಿಗೆ ಎಂಟೂವರೆ ಸಾವಿರ ಲೀಟರ್. ಬೇಸಗೆಯಲ್ಲಿ ನಲ್ಲಿ ನೀರಿಗೆ ದಿನ ಎಣಿಸುವ ಊರಿನಲ್ಲಿ ಇದು ಸಣ್ಣ ನಷ್ಟವಲ್ಲ. ಇನ್ನು ಮುಂದೆ ಇಂಚನ್ನು ಬಿಟ್ಟು ಮಿಲಿಮೀಟರಿನಲ್ಲಿ ಯೋಚಿಸಿ. ಒಂದು ಚದರ ಮೀಟರ್ ನೀರು ಒಂದು ಮಿಲಿಮೀಟರ್ ಇಳಿದರೆ ಒಂದು ಲೀಟರ್ ಹೋಯಿತು ಎಂದರ್ಥ. ನಿಮ್ಮ ಕೊಳ ಸುಮಾರು 11 ಚದರ ಮೀಟರ್ ಇದೆ. ಹಾಗಾಗಿ ನಿಮಗೆ ಒಂದು ಮಿಲಿಮೀಟರ್ ಎಂದರೆ 11 ಲೀಟರ್, ಒಂದು ಇಂಚು ಎಂದರೆ 25 ಮಿ.ಮೀ.

ಇದರಲ್ಲಿ ಬಿಸಿಲಿನ ಪಾಲೆಷ್ಟು? ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೊರಟಿತೆಂದರೆ ಬಯಲುಸೀಮೆಯಲ್ಲಿ ನೀರು ಆವಿಯಾಗುವ ವೇಗ ದಿನದಿನಕ್ಕೂ ಏರುತ್ತದೆ. ಹವಾಮಾನ ವೀಕ್ಷಣಾಲಯಗಳಲ್ಲಿ, ಬೆಂಗಳೂರಿನ ಜಿಕೆವಿಕೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆವರಣಗಳಲ್ಲಿ ಇದನ್ನು ಅಳೆಯಲೆಂದೇ ಒಂದು ದುಂಡನೆಯ ತೆರೆದ ಪಾತ್ರೆ ಇಟ್ಟಿರುತ್ತಾರೆ. ನಾಲ್ಕಡಿ ಅಗಲ, ಹತ್ತು ಇಂಚು ಆಳದ ಪಾತ್ರೆ ಅದು. ಹಕ್ಕಿಗಳು ಬಂದು ನೀರು ಕುಡಿಯದಂತೆ ಮೇಲೆ ತಂತಿಯ ಬಲೆ ಹಾಸಿರುತ್ತಾರೆ. ಒಳನಾಡಿನಲ್ಲಿ ಮಾರ್ಚಿನಿಂದ ಮೇ ತನಕ ಈ ಪಾತ್ರೆಯಲ್ಲಿ ಸ್ಥೂಲವಾಗಿ ದಿನಕ್ಕೆ 6ರಿಂದ 9 ಮಿ.ಮೀ. ನೀರು ಇಳಿಯುತ್ತದೆ. ಮಳೆಗಾಲದ ಮೋಡ ಮುಚ್ಚಿದ ದಿನಗಳಲ್ಲಿ ಅದರ ಅರ್ಧದಷ್ಟೂ ಇಳಿಯದಿರಬಹುದು. ಲೋಹದ ಪಾತ್ರೆಗೆ ಸುತ್ತಲಿನಿಂದಲೂ ಬಿಸಿ ತಟ್ಟುವುದರಿಂದ ಕೆರೆ ಕೊಳಗಳ ಲೆಕ್ಕಕ್ಕೆ ಆ ಅಂಕಿಯನ್ನು ಸುಮಾರು 0.7ರಿಂದ ಗುಣಿಸುವುದು ರೂಢಿ. ನಿಮ್ಮದು ಚಿಕ್ಕ ಕೊಳ, ಜಲಪಾತ ಬೇರೆ ಇದೆ. ಆದ್ದರಿಂದ ಗುಣಿಸದೆಯೇ ಉದಾರವಾಗಿ 8 ಮಿ.ಮೀ. ಎಂದೇ ಇಟ್ಟುಕೊಳ್ಳೋಣ. ಆಗಲೂ 25ರಲ್ಲಿ 17 ಮಿ.ಮೀ. ಉಳಿಯಿತು, ಸುಮಾರು 190 ಲೀಟರ್. ನಿಮ್ಮ ಮಾವನವರ ಮಾತಿನಲ್ಲಿ ಮೂರನೆಯ ಒಂದು ಭಾಗ ಸತ್ಯವಿದೆ. ಉಳಿದ ಎರಡು ಭಾಗದ ನೀರು ಬೇರೆಲ್ಲಿಗೋ ಹೋಗುತ್ತಿದೆ.

ಇದು ಕಾಗದದ ಮೇಲಿನ ಲೆಕ್ಕ. ನಿಮ್ಮ ಹಿತ್ತಲಿನ ಗಾಳಿ, ನೆರಳು, ಬಿಸಿಲು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದನ್ನು ತಿಳಿಯಲು ಒಂದು ಬಕೆಟ್ ಸಾಕು. ಕೊಳದೊಳಗೆ ಇಟ್ಟಿಗೆಗಳನ್ನು ಜೋಡಿಸಿ ಅದರ ಮೇಲೆ ಬಕೆಟ್ ಇಡಿ. ಅದರ ಬಾಯಿ ಕೊಳದ ನೀರಿಗಿಂತ ಎರಡು ಇಂಚು ಮೇಲಿದ್ದರೆ ಸಾಕು, ಹೆಚ್ಚು ಎದ್ದು ನಿಂತರೆ ಬಕೆಟ್ಟಿನ ಅಂಚೇ ಒಳಗಿನ ನೀರಿಗೆ ನೆರಳಾಗುತ್ತದೆ. ಅಲುಗದಂತೆ ತಳದಲ್ಲಿ ಒಂದು ಕಲ್ಲು ಹಾಕಿ. ಕೊಳದ ನೀರನ್ನೇ ತೆಗೆದು, ಒಳಗಿನ ಮಟ್ಟ ಹೊರಗಿನ ಮಟ್ಟಕ್ಕೆ ಸರಿಯಾಗುವಂತೆ ತುಂಬಿ. ಈಗ ಬಕೆಟ್ಟಿನ ನೀರಿಗೂ ಕೊಳದ ನೀರಿಗೂ ಬಿಸಿಲು ಒಂದೇ, ಗಾಳಿ ಒಂದೇ, ನೀರಿನ ಬಿಸಿಯೂ ಹೆಚ್ಚು ಕಡಿಮೆ ಒಂದೇ. ಬಕೆಟ್ಟಿನಲ್ಲಿ ಇಳಿದದ್ದು ಪೂರ್ತಿ ಬಿಸಿಲು ಗಾಳಿಯ ಪಾಲು. ಕೊಳದಲ್ಲಿ ಅದಕ್ಕಿಂತ ಹೆಚ್ಚಾಗಿ ಇಳಿದದ್ದು ಸೋರಿಕೆಯ ಪಾಲು. ಜಲಪಾತದ ಹನಿ ಬಕೆಟ್ಟಿಗೆ ಸಿಡಿಯಬಾರದು. ತಾವರೆಯ ಎಲೆ ಅದರ ಮೇಲೆ ಬಾಗಬಾರದು.

ಇಲ್ಲಿ ಒಂದು ಎಚ್ಚರಿಕೆ. ಕೊಳಕ್ಕೆ ತಾನಾಗಿಯೇ ನೀರು ತುಂಬುವ ಬಾಲ್ ವಾಲ್ವ್ ಇದ್ದರೆ ಅದನ್ನು ಮುಚ್ಚಿ. ಅದು ತೆರೆದಿರುವಷ್ಟು ದಿನ ಕೊಳ ತುಂಬಿಯೇ ಕಾಣುತ್ತದೆ, ರೋಗ ಗೊತ್ತಾಗುವುದಿಲ್ಲ. ಹೀಗೆ ವರ್ಷಗಟ್ಟಲೆ ಕಾಂಪೌಂಡ್ ಗೋಡೆಯ ಬುಡಕ್ಕೆ ನೀರುಣಿಸಿದ ಮನೆಗಳಿವೆ.

ಅಳೆಯುವುದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ತಪ್ಪುವುದು ಇಲ್ಲೇ. ಗೋಡೆಗೆ ಸ್ಕೇಲು ಹಿಡಿದು ನೋಡಿದರೆ ನೀರು ಗೋಡೆಯನ್ನು ಹತ್ತಿ ನಿಂತಿರುತ್ತದೆ, ಅಲೆಯೂ ಇರುತ್ತದೆ. ಎರಡು ಮೂರು ಮಿಲಿಮೀಟರ್ ಸುಲಭವಾಗಿ ತಪ್ಪುತ್ತದೆ. ಬದಲಿಗೆ ಮರದ ಒಂದು ಪಟ್ಟಿಗೆ ಉದ್ದನೆಯ ಮೊಳೆ ಹೊಡೆದು, ಮೊನೆ ಕೆಳಗಾಗುವಂತೆ ಕೊಳದ ಮೂಲೆಗೆ ಅಡ್ಡಲಾಗಿ ಭದ್ರವಾಗಿ ಕೂರಿಸಿ. ಬೆಳಗ್ಗೆ ಆರಕ್ಕೆ, ಗಾಳಿ ಏಳುವ ಮೊದಲು ಬಗ್ಗಿ ನೋಡಿ. ನಿಂತ ನೀರಿನಲ್ಲಿ ಮೊಳೆಯ ನೆರಳುಬಿಂಬ ಕೆಳಗಿನಿಂದ ಮೇಲೆ ಚಾಚಿರುತ್ತದೆ. ಚೊಂಬಿನಿಂದ ಮೆಲ್ಲಗೆ ನೀರು ಸೇರಿಸುತ್ತಾ ಹೋದಂತೆ ಮೊನೆಯೂ ಅದರ ಬಿಂಬವೂ ಹತ್ತಿರವಾಗುತ್ತವೆ. ಎರಡೂ ಕೂಡಿದ ಕ್ಷಣ ನೀರು ಪುಟ್ಟದಾಗಿ ಎದ್ದು ಮೊಳೆಯನ್ನು ಹಿಡಿದುಕೊಳ್ಳುತ್ತದೆ. ಅದೇ ನಿಮ್ಮ ಸೊನ್ನೆ ಗುರುತು. ಮರುದಿನ ಅದೇ ಹೊತ್ತಿಗೆ ಮೊನೆಯಿಂದ ನೀರಿಗೆ ಎಷ್ಟು ಅಂತರ ಬಿದ್ದಿದೆ ಎಂದು ಸ್ಕೇಲಿನಿಂದ ನೋಡಿ. ಅಥವಾ ನೀರು ಮತ್ತೆ ಮೊನೆ ಮುಟ್ಟುವ ತನಕ ಎಷ್ಟು ಲೀಟರ್ ಹಿಡಿಯಿತು ಎಂದು ಎಣಿಸಿ, 11ರಿಂದ ಭಾಗಿಸಿ ಮಿಲಿಮೀಟರ್ ಮಾಡಿಕೊಳ್ಳಿ. ವೀಕ್ಷಣಾಲಯಗಳಲ್ಲೂ ಇದೇ ಬಗೆ: ಸ್ಥಿರವಾಗಿ ನಿಲ್ಲಿಸಿದ ಮೊನೆಯನ್ನು ನೀರು ಮುಟ್ಟುವಂತೆ ಅಳತೆಯ ಪಾತ್ರೆಯಿಂದ ನೀರು ಸುರಿಯುತ್ತಾರೆ. ಬಕೆಟ್ಟಿನ ಒಳಗೆ ಪೆನ್ಸಿಲ್ ಗುರುತು ಸಾಕು.

ಸಾಧ್ಯವಾದರೆ ಸಂಜೆ ಆರಕ್ಕೂ ಒಮ್ಮೆ ಅಳೆಯಿರಿ. ಹಗಲಿನ ಹನ್ನೆರಡು ಗಂಟೆ ಬೇರೆ, ಇರುಳಿನ ಹನ್ನೆರಡು ಗಂಟೆ ಬೇರೆ. ಬಿಸಿಲು ಹೆಚ್ಚಾಗಿ ಹಗಲಿನಲ್ಲೇ ಕುಡಿಯುತ್ತದೆ. ಬಿರುಕಿಗೆ ಹಗಲಿರುಳೆಂಬ ಭೇದವಿಲ್ಲ. ಬಿಸಿಯೇರಿದ ನೀರು ರಾತ್ರಿಯೂ ಸ್ವಲ್ಪ ಆವಿಯಾಗುತ್ತದೆ, ನಿಜ, ಅದನ್ನು ಬಕೆಟ್ಟೇ ತೋರಿಸಿಕೊಡುತ್ತದೆ. ರಾತ್ರಿ ಬಕೆಟ್ಟಿನಲ್ಲಿ 2 ಮಿ.ಮೀ., ಕೊಳದಲ್ಲಿ 10 ಮಿ.ಮೀ. ಇಳಿದಿದ್ದರೆ ಸೋರಿಕೆ ಇದೆ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಮೊದಲ ದಿನ ಪಂಪು ಎಂದಿನಂತೆ ಓಡಲಿ. ಎರಡನೆಯ ದಿನ ಪಂಪನ್ನು ಪೂರ್ತಿ ನಿಲ್ಲಿಸಿ. ನಿಲ್ಲಿಸಿದ ಕೂಡಲೇ ಅಳೆಯಬೇಡಿ. ಪೈಪಿನಲ್ಲಿ, ಕಲ್ಲುಗಳ ಸಂದಿಯಲ್ಲಿ ನಿಂತ ನೀರು ಕೊಳಕ್ಕೆ ಇಳಿದು ಬರುವುದರಿಂದ ಮಟ್ಟ ಸ್ವಲ್ಪ ಏರುತ್ತದೆ. ಅರ್ಧ ಗಂಟೆ ಕಾದು ಸೊನ್ನೆ ಗುರುತು ಹಾಕಿಕೊಳ್ಳಿ. ಮತ್ತೆ ಪಂಪು ಹಾಕಿದಾಗಲೂ ಅಷ್ಟೇ, ಹರಿವು ನೆಲೆಗೊಂಡ ಮೇಲೆ ಅಳತೆ. ಪಂಪಿಲ್ಲದ ದಿನ ಮೀನುಗಳಿಗೆ ಉಸಿರಾಟಕ್ಕೆ ಕಷ್ಟವಾಗಬಹುದು. ನಸುಕಿನಲ್ಲಿ ಅವು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅಕ್ವೇರಿಯಂ ಅಂಗಡಿಯ ಸಣ್ಣ ಗಾಳಿ ಪಂಪು ಹಾಕಿ. ಕೊಳದೊಳಗೆ ಕೈ ಹಾಕುವ ಮುನ್ನ ಪ್ರತಿ ಸಲವೂ ನೀರಿನ ಪಂಪಿನ ಪ್ಲಗ್ಗನ್ನು ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.

ಎರಡು ದಿನದ ಅಂಕಿಗಳು ಕೈಗೆ ಬಂದರೆ ಅರ್ಧ ಕೆಲಸ ಮುಗಿಯಿತು. ಬಕೆಟ್ಟಿನಲ್ಲಿ ಎರಡೂ ದಿನ 7 ಇಳಿಯಿತು ಎನ್ನಿ. ಕೊಳದಲ್ಲಿ ಪಂಪು ಓಡಿದ ದಿನ 25, ನಿಂತ ದಿನ 8 ಇಳಿದಿದ್ದರೆ ನಿಮ್ಮ ಗಾರೆ ಗಟ್ಟಿಯಾಗಿದೆ, ದೋಷವಿರುವುದು ಜಲಪಾತದಲ್ಲಿ ಅಥವಾ ಅದಕ್ಕೆ ನೀರು ಒಯ್ಯುವ ಪೈಪಿನಲ್ಲಿ. ಎರಡೂ ದಿನ 25 ಇಳಿದರೆ ಕೊಳದ ಮೈಯಲ್ಲೇ ದೋಷವಿದೆ. ಮೊದಲ ದಿನ 25, ಎರಡನೆಯ ದಿನ 16 ಎಂದಾದರೆ ಎರಡು ಕಡೆಯೂ ಇದೆ. ಹಾಗಿದ್ದಾಗ ಸುಲಭವಾದ ಜಲಪಾತವನ್ನು ಮೊದಲು ಸರಿಪಡಿಸಿ, ಆಮೇಲೆ ಮತ್ತೆ ಅಳೆಯಿರಿ.

ನಿಮ್ಮ ಪತ್ರ ಓದಿದಾಗ ನನ್ನ ಅನುಮಾನ ಮೊದಲು ಹೋದದ್ದು ಜಲಪಾತದ ಕಡೆಗೆ. ನೀರನ್ನು ಎತ್ತಿ ಕಲ್ಲಿನ ಮೇಲೆ ಹರಿಸುವ ಯಾವ ಕೊಳದಲ್ಲೂ ಮೊದಲು ನೋಡಬೇಕಾದ ಜಾಗ ಅದು. ಎರಡು ವರ್ಷದಲ್ಲಿ ಕೆಳಗಿನ ತುಂಬುಮಣ್ಣು ಕುಸಿಯುತ್ತದೆ, ಒಂದು ಕಲ್ಲು ಕೂದಲೆಳೆಯಷ್ಟು ಹಿಂದಕ್ಕೆ ವಾಲುತ್ತದೆ. ಮೇಲಿನಿಂದ ನೋಡಿದರೆ ನೀರು ಚೆನ್ನಾಗಿಯೇ ಮುಂದಕ್ಕೆ ಬೀಳುತ್ತಿರುತ್ತದೆ. ಆದರೆ ಅದರಲ್ಲಿ ಒಂದು ಎಳೆ ಕಲ್ಲಿನ ಅಡಿಮೈಯನ್ನು ಹಿಡಿದುಕೊಂಡು ಹಿಂದಕ್ಕೆ ಹೋಗಿ ಮಣ್ಣಿಗೆ ಇಳಿಯುತ್ತಿರುತ್ತದೆ. ಚೊಂಬಿನಿಂದ ನೀರು ಬಗ್ಗಿಸುವಾಗ ನಿಧಾನ ಮಾಡಿದರೆ ನೀರು ಚೊಂಬಿನ ಹೊಟ್ಟೆಯ ಮೇಲೆ ಇಳಿಯುತ್ತದಲ್ಲ, ಹಾಗೆ.

ಹಾಸನದ ಕಡೆಯ ಒಂದು ಮನೆಯಲ್ಲಿ ಎರಡು ಸಲ ಗಾರೆ ಕಿತ್ತು ಮಾಡಿಸಿದ್ದರು, ನೀರು ನಿಂತಿರಲಿಲ್ಲ. ನಾನು ಹೋಗಿ ಒಂದು ದಿನ ಪಂಪು ನಿಲ್ಲಿಸಿದೆ. ಕೊಳವೂ ಬಕೆಟ್ಟೂ ಸಮಸಮವಾಗಿ ಇಳಿದವು. ಗಾರೆಯಲ್ಲಿ ಏನೂ ಇರಲಿಲ್ಲ. ಜಲಪಾತದ ಕಲ್ಲುಗಳನ್ನು ಒಂದೊಂದಾಗಿ ಎತ್ತಿಸುತ್ತಾ ಹೋದೆವು. ಮೂರನೆಯ ಕಲ್ಲಿನ ಹಿಂದೆ ಸಿಮೆಂಟು ಬಿಟ್ಟುಕೊಂಡಿತ್ತು, ಅದರಡಿಯ ಮಣ್ಣು ಕೈಯಲ್ಲಿ ಹಿಡಿದರೆ ಹಲ್ವದಂತೆ ಜಾರುತ್ತಿತ್ತು. ಆ ಪೊಟರೆಯಲ್ಲಿ ಒಂದು ಕಪ್ಪೆ ಕುಳಿತಿತ್ತು. ಏಪ್ರಿಲ್ ತಿಂಗಳಲ್ಲಿ, ಸುತ್ತಲಿನ ನೆಲ ಬಿರಿದಿದ್ದಾಗ, ಅದರ ಮೈ ತೊಯ್ದು ಹೊಳೆಯುತ್ತಿತ್ತು. ಮನೆಯ ಯಜಮಾನರು ಏನೂ ಮಾತಾಡದೆ ತುಂಬಾ ಹೊತ್ತು ಅದನ್ನೇ ನೋಡುತ್ತಾ ನಿಂತರು. ಎರಡು ಸಲ ಗಾರೆಗೆ ಸುರಿದ ಹಣವನ್ನು ಅವರು ಮಗಳ ಓದಿಗೆಂದು ಎತ್ತಿಟ್ಟಿದ್ದರು. ಆ ಕಲ್ಲನ್ನು ಮುಂದಕ್ಕೆ ಬಾಗುವಂತೆ ಕೂರಿಸಿ, ಅಡಿಗೆ ನೀರು ದಾಟದ ದಪ್ಪನೆಯ ಹಾಳೆ ಹಾಸಿ, ಅದರ ಅಂಚುಗಳನ್ನು ಎರಡೂ ಕಡೆ ಮೇಲಕ್ಕೆ ಮಡಚಿದೆವು. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು.

ಜಲಪಾತದ ಸುತ್ತ ಇನ್ನೆರಡು ಸಂಗತಿಗಳನ್ನು ನೋಡಿ. ಬೀಳುವ ನೀರು ಸಿಡಿದು ಕೊಳದ ಆಚೆ ಬೀಳುತ್ತಿದೆಯೇ? ಬೇಸಗೆಯ ಒಣ ನೆಲದಲ್ಲಿ ಸಿಡಿದ ಹನಿಯ ಗುರುತು ನಿಮಿಷದಲ್ಲಿ ಆರುವುದರಿಂದ ಹಗಲಿನಲ್ಲಿ ಕಾಣುವುದಿಲ್ಲ. ರಾತ್ರಿ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಸುತ್ತ ಹಾಸಿ, ಒಂದು ಗಂಟೆಯ ನಂತರ ಯಾವುದು ಒದ್ದೆಯಾಗಿದೆ ನೋಡಿ. ಇನ್ನೊಂದು ಪಾಚಿ. ಕಲ್ಲಿನ ಮೇಲೆ ಬೆಳೆದ ಪಾಚಿ, ಗಿಡ ಕೂರಿಸಲು ಬಳಸಿದ ತೆಂಗಿನ ನಾರು, ಅಂಚಿನವರೆಗೂ ಬಂದ ಹುಲ್ಲಿನ ಬೇರು, ಇವೆಲ್ಲ ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ನೀರನ್ನು ಎಳೆದು ಹೊರಗಿನ ಮಣ್ಣಿಗೆ ದಾಟಿಸುತ್ತವೆ. ಒಂದು ನಾರಿನ ಚಾಪೆಯ ತುದಿ ನೀರಿನಲ್ಲಿ, ಇನ್ನೊಂದು ತುದಿ ಹೊರಗಿನ ಮಣ್ಣಿನಲ್ಲಿದ್ದರೆ ಸಾಕು. ಕೊಳಕ್ಕೂ ಸುತ್ತಲಿನ ಮಣ್ಣಿಗೂ ನಡುವೆ ಎರಡು ಇಂಚಾದರೂ ಒಣ ಅಂಚು ಉಳಿಯಬೇಕು.

ಪೈಪನ್ನು ಪರೀಕ್ಷಿಸುವುದು ಸುಲಭ. ಜಲಪಾತದ ಮೇಲ್ತುದಿಯಿಂದ ಪೈಪನ್ನು ಬಿಚ್ಚಿ, ನೇರವಾಗಿ ಕೊಳಕ್ಕೇ ನೀರು ಬೀಳುವಂತೆ ತಿರುಗಿಸಿ ಒಂದು ದಿನ ಪಂಪು ಓಡಿಸಿ. ನಷ್ಟ ನಿಂತರೆ ತಪ್ಪು ಕಲ್ಲಿನದು, ನಿಲ್ಲದಿದ್ದರೆ ಪೈಪಿನ ಜೋಡಣೆಯದು. ಪ್ಲಂಬರ್ ಮಾತು ಸರಿಯೋ ತಪ್ಪೋ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ.

ಪಂಪು ನಿಂತರೂ ನೀರು ಇಳಿಯುತ್ತಿದ್ದರೆ ಮುಂದಿನ ಹೆಜ್ಜೆಗೆ ತಾಳ್ಮೆ ಬೇಕು. ಇಳಿಯಲು ಬಿಡಬೇಕು. ದಿನಾ ತುಂಬಿಸುವುದನ್ನು ನಿಲ್ಲಿಸಿ, ಬೆಳಗ್ಗೆ ಸಂಜೆ ಮಟ್ಟ ಬರೆದಿಡಿ. ಬಕೆಟ್ಟಿನ ಕೆಳಗಿನ ಇಟ್ಟಿಗೆಯನ್ನು ಕೊಳದ ಮಟ್ಟಕ್ಕೆ ತಕ್ಕಂತೆ ಕಡಿಮೆ ಮಾಡುತ್ತಾ ಬನ್ನಿ. ತೂತಿನ ಮೇಲೆ ನಿಂತ ನೀರಿನ ಎತ್ತರ ಹೆಚ್ಚಿದ್ದಷ್ಟೂ ಸೋರುವ ಜೋರು ಹೆಚ್ಚು. ನೀರು ಇಳಿದಂತೆ ಸೋರಿಕೆ ನಿಧಾನವಾಗುತ್ತದೆ, ತೂತಿನ ಮಟ್ಟಕ್ಕೆ ಬಂದಾಗ ನಿಲ್ಲುತ್ತದೆ. ನಿಲ್ಲುವುದೆಂದರೆ ಕೊಳ ಅಲುಗದೆ ನಿಲ್ಲುವುದಲ್ಲ, ಬಕೆಟ್ಟಿನಷ್ಟೇ ವೇಗದಲ್ಲಿ ಇಳಿಯತೊಡಗುವುದು. ಆ ಮಟ್ಟದಲ್ಲಿ ಸುತ್ತಲೂ ಸೀಮೆಸುಣ್ಣದ ಗೆರೆ ಎಳೆಯಿರಿ. ದೋಷ ಆ ಗೆರೆಯ ಆಸುಪಾಸಿನಲ್ಲೇ ಇದೆ. 3 ಅಡಿ ಗೋಡೆಯನ್ನು ಪೂರ್ತಿ ಕೆರೆಯುವ ಬದಲು ನಾಲ್ಕು ಬೆರಳಗಲದ ಪಟ್ಟಿಯನ್ನು ಹುಡುಕಿದರೆ ಸಾಕಾಗುತ್ತದೆ. ಗೆರೆ ಹೆಚ್ಚಿನ ನೀರು ಹೊರಹೋಗುವ ಪೈಪಿನ ಕೆಳ ಅಂಚಿಗೆ ಸರಿಯಾಗಿ ನಿಂತರೆ ಆ ಪೈಪು ಗೋಡೆಯನ್ನು ತೂರುವ ಜಾಗವೇ ಕಾರಣ. ಪ್ಲಾಸ್ಟಿಕ್ ಪೈಪಿಗೂ ಸಿಮೆಂಟಿಗೂ ಬೆಸುಗೆ ಕೂಡುವುದಿಲ್ಲ. ಸಿಮೆಂಟು ಒಣಗಿ ಕುಗ್ಗಿದಾಗ ಪೈಪಿನ ಸುತ್ತ ಉಂಗುರದಂತೆ ಸಂದು ಬೀಳುತ್ತದೆ.

ಅರ್ಧಕ್ಕಿಂತ ಕೆಳಗೆ ಇಳಿಯುವ ಮೊದಲು ಮೀನುಗಳನ್ನು ಕೊಳದ ನೀರನ್ನೇ ತುಂಬಿದ ದೊಡ್ಡ ಟಬ್ಬಿಗೆ ಬದಲಾಯಿಸಿ ನೆರಳಿನಲ್ಲಿಡಿ. ಕಡಿಮೆ ನೀರು ಬಿಸಿಲಿಗೆ ಬೇಗ ಕಾಯುತ್ತದೆ, ಗೋಲ್ಡ್‌ಫಿಶ್‌ಗಳಿಗೆ ಅದು ತಡೆಯುವುದಿಲ್ಲ. ಕೊಳದಲ್ಲಿ ಒಂದಿಷ್ಟು ಗಪ್ಪಿಗಳನ್ನು ಬಿಡಿ, ಸೊಳ್ಳೆಮರಿಗಳನ್ನು ಅವು ತಿನ್ನುತ್ತವೆ.

ಗೆರೆ ಸಿಕ್ಕಿತು, ಬಿರುಕು ಕಾಣುತ್ತಿಲ್ಲ ಎಂದಾಗ ನಾನು ಹಾಲು ಬಳಸುತ್ತೇನೆ. ಸೂಜಿ ತೆಗೆದ ಸಿರಿಂಜಿನಲ್ಲಿ ಐದು ಮಿಲಿಲೀಟರ್ ಹಾಲು. ಇದನ್ನು ಮಾಡುವಾಗ ನೀರು ಗೆರೆಗಿಂತ ಒಂದೆರಡು ಇಂಚು ಮೇಲಿರಬೇಕು, ಪಂಪು ನಿಂತಿರಬೇಕು, ಗಾಳಿ ಇರಬಾರದು. ಸಿರಿಂಜಿನ ಮೂತಿಯನ್ನು ಗೋಡೆಯಿಂದ ಅರ್ಧ ಇಂಚು ದೂರ ಹಿಡಿದು ಒಂದು ತೊಟ್ಟು ಬಿಡಿ. ಬಿರುಕಿಲ್ಲದ ಕಡೆ ಹಾಲು ಸಣ್ಣ ಮೋಡವಾಗಿ ಅಲ್ಲೇ ತೂಗಿ, ಮೆಲ್ಲಗೆ ಚದುರುತ್ತದೆ. ಬಿರುಕಿರುವ ಕಡೆ ಆ ಮೋಡದ ಒಂದು ಬದಿ ಚೂಪಾಗುತ್ತದೆ. ಬಿಳಿಯ ಎಳೆಯೊಂದು ಗೋಡೆಯ ಕಡೆಗೆ ಬಾಗಿ, ಸೂಜಿಯ ಕಣ್ಣಿಗೆ ದಾರ ಪೋಣಿಸಿದಂತೆ ಒಳಗೆ ಹೋಗಿ ಮಾಯವಾಗುತ್ತದೆ. ಮೊದಲ ಸಲ ನೋಡಿದವರು ಇನ್ನೊಮ್ಮೆ ತೋರಿಸಿ ಎಂದು ಕೇಳದೆ ಇರುವುದಿಲ್ಲ. ಗೋಡೆ ಮತ್ತು ತಳ ಕೂಡುವ ಮೂಲೆಯನ್ನು ಇದೇ ಬಗೆಯಲ್ಲಿ ಸುತ್ತಲೂ ನೋಡಿ. ಸಿಮೆಂಟಿನ ಕೊಳಗಳು ಹೆಚ್ಚಾಗಿ ಸೋರುವುದು ಅಲ್ಲೇ. ತಳವನ್ನು ಒಂದು ದಿನ, ಗೋಡೆಯನ್ನು ಇನ್ನೊಂದು ದಿನ ಮಾಡಿರುತ್ತಾರೆ, ಎರಡರ ನಡುವಿನ ಸೇರಿಕೆ ಎಂದೂ ಒಂದಾಗಿರುವುದಿಲ್ಲ.

ತಳದಲ್ಲಿ ನೀರು ಖಾಲಿ ಮಾಡುವ ಪೈಪು ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ, ಅದರ ಹೊರತುದಿಯ ವಾಲ್ವ್ ಮುಚ್ಚಿದ್ದರೂ ಒಳಗೊಳಗೇ ಜಿನುಗುತ್ತಿರಬಹುದು. ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿದ ಮರದ ಬಿರಡೆಯಿಂದ ಅದರ ಒಳಬಾಯಿಯನ್ನು ಬಿಗಿಯಾಗಿ ಮುಚ್ಚಿ ಒಂದು ದಿನ ಅಳೆಯಿರಿ. ಹತ್ತು ರೂಪಾಯಿಯೂ ಖರ್ಚಾಗದ ಪರೀಕ್ಷೆ ಇದು.

ಈ ನಡುವೆ ಕೊಳದ ಹೊರಗೂ ಒಂದು ಸುತ್ತು ಬನ್ನಿ. ದಿನಕ್ಕೆ 190 ಲೀಟರ್ ನೀರು ಕುಡಿದ ನೆಲ ಗುಟ್ಟು ಮುಚ್ಚಿಡಲಾರದು. ಹಿತ್ತಲೆಲ್ಲ ಒಣಗಿರುವಾಗ ಒಂದು ಮೂಲೆಯ ಗರಿಕೆ ಮಾತ್ರ ಹಸಿರಾಗಿದೆಯೇ? ಒಂದು ಬದಿಯ ಬಾಳೆಗಿಡ ಮಾತ್ರ ಕೊಬ್ಬಿದೆಯೇ? ಕಾಂಪೌಂಡಿನ ಬುಡದಲ್ಲಿ ಬಿಳಿಯ ಉಪ್ಪು ಹೂವಿನಂತೆ ಎದ್ದಿದೆಯೇ? ಕಬ್ಬಿಣದ ಸರಳನ್ನು ಒಂದಡಿ ಚುಚ್ಚಿ ತೆಗೆದರೆ ತುದಿಗೆ ಹಸಿಮಣ್ಣು ಅಂಟುತ್ತದೆಯೇ? ಕುಡಿಯುವ ನೀರಿನ ಸಂಪು ಕೊಳದ ಹತ್ತಿರವೇ ಇದ್ದರೆ ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಂಪಿನ ಗೋಡೆಯಲ್ಲೂ ಎಳೆಬಿರುಕಿದ್ದು, ಅದರ ನೀರಿನ ಮಟ್ಟ ಕೊಳಕ್ಕಿಂತ ಕೆಳಗಿದ್ದಾಗ, ಮೀನಿನ ಕೊಳದ ನೀರು ಒಸರಿ ಸಂಪಿಗೆ ಸೇರಬಹುದು. ಸಂಪನ್ನು ಖಾಲಿ ಮಾಡಿ, ಕೊಳದ ಕಡೆಯ ಗೋಡೆಯಲ್ಲಿ ಒದ್ದೆ ಪಟ್ಟಿ ಇದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಅನುಮಾನ ಬಂದರೆ ಕೊಳ ಸರಿಯಾಗುವ ತನಕ ಆ ನೀರನ್ನು ಕುದಿಸದೆ ಕುಡಿಯಬೇಡಿ.

ಮನೆಯಲ್ಲಿ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿದ ಲವಣಗಳ ಪ್ರಮಾಣ, ಅಳೆಯುವ ಪುಟ್ಟ ಯಂತ್ರವಿದ್ದರೆ ಅದೂ ಒಂದು ಸಾಕ್ಷಿ ಕೊಡುತ್ತದೆ. ಆವಿಯಾಗುವ ನೀರು ಲವಣವನ್ನು ಹಿಂದೆ ಬಿಟ್ಟು ಹೋಗುತ್ತದೆ. ಸೋರುವ ನೀರು ಅದನ್ನೂ ಹೊತ್ತುಕೊಂಡು ಹೋಗುತ್ತದೆ. ಆದ್ದರಿಂದ ಗಟ್ಟಿಯಾದ ಕೊಳದಲ್ಲಿ ಬೇಸಗೆಯುದ್ದಕ್ಕೂ ಟಿಡಿಎಸ್ ಏರುತ್ತಲೇ ಇರುತ್ತದೆ. ನಿಮ್ಮಲ್ಲಿ 25ರಲ್ಲಿ 17 ಪಾಲು ಸೋರುತ್ತಿದ್ದರೆ ಅದು ತುಂಬಿಸುವ ನೀರಿನ ಒಂದೂವರೆ ಪಟ್ಟನ್ನು ದಾಟುವುದಿಲ್ಲ.

ಹೆಗ್ಗಣ, ಏಡಿ, ಬೇರು: ಇವು ಇಟ್ಟಿಗೆ ಕೊಳಕ್ಕಿಂತ ಪ್ಲಾಸ್ಟಿಕ್ ಹಾಳೆ ಹಾಸಿದ ಮತ್ತು ಮಣ್ಣಿನ ಕೊಳಗಳ ಶತ್ರುಗಳು. ಅಂಥ ಕೊಳವಿರುವ ಓದುಗರಿಗಾಗಿ ಎರಡು ಮಾತು. ಕೃಷಿ ಹೊಂಡಗಳಿಗೆ ಹಾಸುವ 500 ಮೈಕ್ರಾನ್ ಹಾಳೆ ಗಟ್ಟಿಯೇ, ಆದರೆ ಅಂಚಿನ ಮಡಿಕೆಯಲ್ಲಿ ಬಿಸಿಲು ಬಿದ್ದು ಅದು ಪೆಡಸಾಗಿ ಬಿರಿಯುತ್ತದೆ, ಹೆಗ್ಗಣ ಹೊರಗಿನಿಂದ ಬಿಲ ತೋಡಿ ಬಂದು ಕಡಿಯುತ್ತದೆ. ಮಟ್ಟ ಎಲ್ಲಿ ನಿಲ್ಲುತ್ತದೆ ಎಂಬ ಪರೀಕ್ಷೆ ಅಲ್ಲೂ ನಡೆಯುತ್ತದೆ. ಎರೆಭೂಮಿಯ ಮಣ್ಣಿನ ಕೊಳ ಒಮ್ಮೆ ಪೂರ್ತಿ ಒಣಗಿದರೆ ತಳ ಬಿರಿದು, ಮರಳಿ ತುಂಬಿದಾಗ ಕೆಲವು ದಿನ ನೀರು ಕುಡಿಯುತ್ತದೆ, ಆಮೇಲೆ ಮಣ್ಣು ಉಬ್ಬಿ ಮುಚ್ಚಿಕೊಳ್ಳುತ್ತದೆ. ಗಾಬರಿ ಬೇಡ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ತೋಡಿದ ಕೊಳದ ನೀರು ಬೇಸಗೆಯಲ್ಲಿ ಬಾವಿಯ ಜೊತೆಗೇ ಇಳಿಯುತ್ತಿದ್ದರೆ ಅದು ಸೋರಿಕೆಯೇ ಅಲ್ಲ, ಅಂತರ್ಜಲದ ಮಟ್ಟ. ದಕ್ಷಿಣ ಕನ್ನಡದ ಹಳೆಯ ಮದಕಗಳನ್ನು, ಅಂದರೆ ಮಳೆನೀರು ತಡೆದು ನಿಲ್ಲಿಸುವ ಕೆರೆಗಳನ್ನು, ಕಟ್ಟಿದ್ದೇ ನೀರು ಇಂಗಿ ಕೆಳಗಿನ ಬಾವಿ, ತೋಟಗಳಿಗೆ ಸಿಗಲಿ ಎಂದು. ಅಂಥಲ್ಲಿ ತಳಕ್ಕೆ ಸಿಮೆಂಟು ಬಳಿಯುವುದು ಊರಿಗೆ ಮಾಡುವ ಅನ್ಯಾಯ.

ಇನ್ನು ನಿಮ್ಮ ಕೊಳದ ದುರಸ್ತಿ. ಬಿರುಕಿನ ಮೇಲೆ ತಿಳಿ ಸಿಮೆಂಟು ಬಳಿದರೆ ಆರು ತಿಂಗಳೂ ನಿಲ್ಲುವುದಿಲ್ಲ. ಬಿರುಕನ್ನು ಉಳಿಯಿಂದ ಅರ್ಧ ಇಂಚು ಆಳಕ್ಕೆ ಬಿಡಿಸಿ, ತಂತಿಯ ಬ್ರಷ್ಷಿನಿಂದ ಧೂಳು ತೆಗೆದು, ನೀರು ಚಿಮುಕಿಸಿ, ಪಾಲಿಮರ್ ಬೆರೆಸಿದ ಗಾರೆಯನ್ನು ಒತ್ತಿ ತುಂಬಿಸಬೇಕು. ಗೋಡೆ ಮತ್ತು ತಳದ ಮೂಲೆಯನ್ನು ಚೂಪಾಗಿ ಬಿಡದೆ ಗುಂಡಗೆ ಬರುವಂತೆ ಗಾರೆ ಕೂರಿಸಲು ಹೇಳಿ. ಪೈಪಿನ ಸುತ್ತ ಕುಗ್ಗದ ಗಾರೆ ಬೇಕು, ಅಂಗಡಿಯಲ್ಲಿ ಹಾಗೆಂದೇ ಕೇಳಿ. ಆಮೇಲೆ ದುರಸ್ತಿಯಾದ ಜಾಗಕ್ಕೂ ಅದರ ಸುತ್ತ ಒಂದಡಿಗೂ ನೀರು ತಡೆಯುವ ಸಿಮೆಂಟ್ ಲೇಪನ ಎರಡು ಸಲ, ಮೊದಲನೆಯದು ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ. ಲೇಪನದ ಡಬ್ಬಿಯ ಮೇಲೆ ಕುಡಿಯುವ ನೀರಿನ ತೊಟ್ಟಿಗೆ ಆಗುತ್ತದೆ ಎಂದು ಬರೆದಿರುವುದನ್ನೇ ಆರಿಸಿಕೊಳ್ಳಿ. ಗಾರೆ ಬಿಸಿಲಿಗೆ ಬೇಗ ಒಣಗಿದರೆ ಮತ್ತೆ ಬಿರುಕು ಬಿಡುತ್ತದೆ. ಕನಿಷ್ಠ ಏಳು ದಿನ ಒದ್ದೆ ಗೋಣಿಚೀಲ ಹೊದಿಸಿ, ದಿನಕ್ಕೆ ಮೂರು ಸಲ ನೀರು ಹಾಕಿ. ಮೇಸ್ತ್ರಿಯವರು ಎಲ್ಲವನ್ನೂ ಕಿತ್ತುಹಾಕಲೇಬೇಕು ಎಂದು ಒತ್ತಾಯಿಸಿದರೆ ನಿಮ್ಮ ಸೀಮೆಸುಣ್ಣದ ಗೆರೆಯನ್ನೂ ಹಾಲಿನ ಎಳೆಯನ್ನೂ ತೋರಿಸಿ. ಒಳ್ಳೆಯ ಕೆಲಸಗಾರ ಕಣ್ಣಾರೆ ಕಂಡದ್ದನ್ನು ಒಪ್ಪುತ್ತಾನೆ.

ಹೊಸ ಸಿಮೆಂಟು ನೀರಿಗೆ ಸುಣ್ಣದ ಅಂಶ ಬಿಡುವುದರಿಂದ ನೀರಿನ ಪಿಎಚ್ (ನೀರಿನ ಹುಳಿ, ಕ್ಷಾರಗಳ ಅಳತೆ) ಏರಿ ಮೀನುಗಳು ಸಾಯುತ್ತವೆ. ದುರಸ್ತಿ ಚೆನ್ನಾಗಿ ಆದ ಮೇಲೂ ಅವಸರದಿಂದ ಮೀನು ಕಳೆದುಕೊಂಡವರ ದುಃಖವನ್ನು ನಾನು ನೋಡಿದ್ದೇನೆ. ಬಾಳೆದಿಂಡನ್ನು ಸೀಳಿ ಹಾಕಿ ಕೊಳ ತುಂಬಿಸಿ, ನಾಲ್ಕೈದು ದಿನ ಬಿಟ್ಟು ಆ ನೀರನ್ನು ತೆಂಗಿನ ಬುಡಕ್ಕೆ ಹರಿಸಿ. ಹೀಗೆ ಎರಡು ಮೂರು ಸಲ ಮಾಡಿ. ಕೊನೆಯ ಸಲ ತುಂಬಿಸಿದಾಗ ಮೊಳೆಯನ್ನೂ ಬಕೆಟ್ಟನ್ನೂ ಮತ್ತೆ ಇಟ್ಟು ಎರಡು ದಿನ ಅಳೆಯಿರಿ. ಎರಡೂ ಸಮನಾಗಿ ಇಳಿದರೆ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪಿಎಚ್ ಪಟ್ಟಿಯನ್ನು ಅದ್ದಿ ನೋಡಿ, ಅದು 8.5ರ ಒಳಗೆ ಬಂದ ಮೇಲೆ ಮೂರು ನಾಲ್ಕು ಗಪ್ಪಿಗಳನ್ನು ಮೊದಲು ಬಿಡಿ. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಅಷ್ಟರಲ್ಲಿ ಎರಡು ದಿನ ತೆರೆದಿಟ್ಟಂತೆಯೂ ಆಗಿರುತ್ತದೆ. ಮರುದಿನ ಬೆಳಗ್ಗೆ ಅವು ಎಂದಿನಂತೆ ಓಡಾಡಿಕೊಂಡಿದ್ದರೆ ಟಬ್ಬಿನಲ್ಲಿರುವ ಗೋಲ್ಡ್‌ಫಿಶ್‌ಗಳನ್ನು, ಅದೇ ಟಬ್ಬಿಗೆ ಕೊಳದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಒಗ್ಗಿಸಿ, ಸಂಜೆಯ ತಂಪಿನಲ್ಲಿ ಕೊಳಕ್ಕೆ ಬಿಡಿ.